ತಿಳಿಯೋ, ಕದಡೋ

ಏರಿಯ ಬುಡದಲ್ಲಿ ಹುಲ್ಲು ಒದ್ದೆಯಾಗಿದ್ದರೆ
ಗಾಜಿನ ಲೋಟ ಹಿಡಿದು ಕೂರುತ್ತೇನೆ.
ತಿಳಿನೀರು ಬಂದರೆ ಮನೆಗೆ ಹೋಗಿ ಗಂಜಿ ಕಾಯಿಸಬಹುದು:
ಮಣ್ಣಿನ ಗೋಡೆ ಎಂದಮೇಲೆ ಒಂದಿಷ್ಟು ಬೆವರುತ್ತದೆ.
ಕದಡಿದ್ದರೆ
ಮಣ್ಣು ಊರು ಬಿಡುತ್ತಿದೆ ಎಂದರ್ಥ.

ಹನ್ನೊಂದು ವರ್ಷದಿಂದ ಅಪೂರಿಬಿಸಿಯ ಕಟ್ಟೆಗೆ ನಾನೇ ನೀರುಗಂಟಿ.
ಹೆಸರು ಅಯಿಂಪೋಕ. ಸೊಂಟದಲ್ಲಿ ತೂಬಿನ ಕೀಲಿಕೈ.
ಗಂಡಸರು ಅದನ್ನು ನನಗೆ ಕೊಟ್ಟದ್ದು ಗೌರವಕ್ಕಲ್ಲ,
ತಮ್ಮೊಳಗೆ ಒಬ್ಬನಿಗೆ ಕೊಡುವಷ್ಟು
ನಂಬಿಕೆ ಅವರಿಗಿರಲಿಲ್ಲ.

ನಮ್ಮದು ನದಿಯಲ್ಲ. ಎರಡು ಗುಡ್ಡಗಳ ನಡುವೆ
ನಾಲ್ಕು ತಿಂಗಳು ಹರಿದು ಎಂಟು ತಿಂಗಳು ಮರೆತುಹೋಗುವ ಹಳ್ಳ.
ಅದಕ್ಕಡ್ಡ ಒಂದು ಮಣ್ಣಿನ ತೋಳು,
ಮುನ್ನೂರ ಇಪ್ಪತ್ತು ಹೆಜ್ಜೆ, ನನ್ನ ಹೆಜ್ಜೆಯಲ್ಲಿ.
ನನ್ನನ್ನು ಬಸುರಲ್ಲಿಟ್ಟುಕೊಂಡು ಅವ್ವ
ತಲೆಯ ಮೇಲೆ ಬಾಣಲೆ ಬಾಣಲೆ ಮಣ್ಣು ಹೊತ್ತಳಂತೆ.
ಗುಮಾಸ್ತ ಒಂದೇ ಆಳೆಂದು ಬರೆದುಕೊಂಡ.

ಇಷ್ಟರಿಂದಲೇ, ಹರ್ಮಟಾನ್ ಗಾಳಿ ತುಟಿ ಸೀಳುವ ಜನವರಿಯಲ್ಲಿ
ಕೆಳಗೆ ಈರುಳ್ಳಿ ಹಸಿರಾಗಿ ನಿಲ್ಲುತ್ತದೆ,
ಫುಲಾನಿಗಳ ದನ ಮೂತಿಯಿಟ್ಟು ಕುಡಿಯುತ್ತವೆ,
ಹುಡುಗರು ಟಿಲಾಪಿಯಾ ಹಿಡಿದು ಅಂಗಿಯಲ್ಲಿ ಸುತ್ತಿ ಓಡುತ್ತಾರೆ.
ಮೊಸಳೆ, ಅದು ನಮ್ಮ ಅಜ್ಜಂದಿರಲ್ಲೊಬ್ಬ,
ದಡದಲ್ಲಿ ಬಾಯ್ದೆರೆದು ಬಿಸಿಲು ಕಾಯಿಸುತ್ತದೆ.
ಪಾಲು ಕೇಳುವುದಿಲ್ಲ.

ಪಾಲು ಕೇಳುವವರು ನಾವು.
ಸೋಮವಾರ ಮೇಲಿನ ಮಡಿಗಳಿಗೆ, ಬುಧವಾರ ನಡುವಿನವಕ್ಕೆ,
ಶುಕ್ರವಾರ ಕಾಲುವೆಯ ಬಾಲಕ್ಕೆ.
ಬಾಲ ಮುಟ್ಟುವಷ್ಟರಲ್ಲಿ ನೀರಿಗೂ ಸುಸ್ತು.
ನನ್ನ ಆರು ಮಡಿ ಇರುವುದು ಬಾಲದಲ್ಲಿ.
ಇದನ್ನು ಮೊದಲೇ ಹೇಳಬೇಕಿತ್ತು.

ಆಗಸ್ಟಿನಲ್ಲಿ ಕೋಡಿಗೆ ಅಡ್ಡ
ಯಾರೋ ಮರಳಿನ ಮೂಟೆ ಪೇರಿಸಿದ್ದರು,
ನಾಲ್ಕು ಬೆರಳು ನೀರು ಹೆಚ್ಚು ನಿಲ್ಲಲೆಂದು.
ಯಾರೋ ಎಂದೆನೆ? ಅಕೊಲ್ಗೊ.
ಅವನ ಅಂಗಡಿಯ ಸಿಮೆಂಟ್ ಚೀಲ, ಅವನದೇ ಎಡಗೈ ಗಂಟು.
ನೋಡಿದೆ.
ನಾಲ್ಕು ಬೆರಳೆಂದರೆ, ಮಾರ್ಚಿನಲ್ಲಿ
ಬಾಲಕ್ಕೆ ಇನ್ನೆರಡು ಶುಕ್ರವಾರ ಎಂದು ಲೆಕ್ಕ ಹಾಕಿದೆ.
ನೋಡಲಿಲ್ಲ.

ಮೂರನೆಯ ರಾತ್ರಿ ಮಳೆ ಗುಡ್ಡವನ್ನೇ ತೊಳೆದು ತಂದಿತು.
ಕೆರೆ ಏರಿಯ ಭುಜದವರೆಗೆ ಬಂದು ಉಸಿರುಬಿಡುತ್ತಿತ್ತು.
ಬುಡದಲ್ಲಿ ಲೋಟ ಹಿಡಿದೆ, ಟಾರ್ಚ್ ಹಾಕಿದೆ:
ಕೆಂಜೋಳದ ಅಂಬಲಿಯಷ್ಟು ಕೆಂಪು.

ಜನ ಓಡಿಬಂದರು, ಗುದ್ದಲಿ, ಜೇಡಿಮಣ್ಣು, ಹಳೇ ಚಾಪೆ,
ತೂತು ಮುಚ್ಚಿ, ತೂತು ಮುಚ್ಚಿ!
ಮುಚ್ಚಬೇಡಿ ಎಂದು ಕೂಗಿದೆ.
ಬಾಯಿ ಕಟ್ಟಿದ ನೀರು ಒಳಗೇ ಇನ್ನೊಂದು ದಾರಿ ತೋಡುತ್ತದೆ.
ಮೊದಲು ಮರಳು, ಅದರ ಮೇಲೆ ಗರಸು, ಆಮೇಲೆ ಕಲ್ಲು.
ನೀರು ಹೋಗಲಿ. ಮಣ್ಣು ನಿಲ್ಲಲಿ.

ಆಮೇಲೆ ಕೋಡಿಗೆ ನಡೆದು
ಮೊದಲ ಮೂಟೆಯನ್ನು ನಾನೇ ಎಳೆದುಹಾಕಿದೆ.
ಎರಡನೆಯದನ್ನು ಅಕೊಲ್ಗೊ. ಮಾತಿಲ್ಲ.
ದನ ಏರಿ ತುಳಿದವೆಂದು ವರ್ಷವರ್ಷವೂ ನಾವು ದಂಡ ಹಾಕುವ ಬೆಲ್ಕೊ
ಕತ್ತೆಗಾಡಿಯಲ್ಲಿ ಕಲ್ಲು ತಂದು ಸುರಿದ,
ಇದಕ್ಕೆ ರಸೀತಿ ಯಾರು ಕೊಡುತ್ತೀರಿ ಎಂದ.
ಕತ್ತಲಲ್ಲಿ ಯಾರೋ ನಕ್ಕರು.

ಬೆಳಗಿನ ಹೊತ್ತಿಗೆ ಲೋಟದಲ್ಲಿ
ಆಚೆ ಹಿಡಿದ ನನ್ನ ಬೆರಳು ಕಂಡಿತು.

ಬಾವೊಬಾಬ್ ಮರದಡಿಯ ಸಭೆಯಲ್ಲಿ ಕೀಲಿಕೈ ನೆಲಕ್ಕಿಟ್ಟು
ನಾಲ್ಕು ಬೆರಳಿನ ಲೆಕ್ಕ ಒಪ್ಪಿಸಿದೆ.
ಹಿರಿಯ ಅತಂಪುಗ್ರೆ ಬಹಳ ಹೊತ್ತು ಕೋಲಾ ಅಡಿಕೆ ಅಗಿದ.
ದಂಡ ಎರಡು ಗಿನಿಕೋಳಿ; ಕೀಲಿಕೈ ಮತ್ತೆ ನನ್ನ ಸೊಂಟಕ್ಕೆ.
“ಸೋರಿತು. ತಿಳಿಯಾಗಿ ಸೋರಿತು,” ಎಂದ, ಅಷ್ಟೆ.

ಈಗ ಮಾರ್ಚ್. ಈ ಶುಕ್ರವಾರ ನೀರು ಬಾಲ ಮುಟ್ಟಲಿಲ್ಲ.
ನನ್ನ ಎರಡು ಮಡಿ ಬಾಡಿವೆ.
ದಂಡ ತೆತ್ತ ಕೋಳಿಗಳಲ್ಲೊಂದು ತಪ್ಪಿಸಿಕೊಂಡು
ಏರಿಯ ಹುಲ್ಲಿನಲ್ಲೆಲ್ಲೋ ಮೊಟ್ಟೆಯಿಟ್ಟಿದೆ.
ಲೋಟ ಹಿಡಿದು ಹೋಗುವವಳು
ಕಾಲೆತ್ತಿ, ನೋಡಿ, ಇಡುತ್ತೇನೆ.